ಅಬ್ಬಾ ಉಸಿರಾಡೂದು ಕಲಿತಿದ್ದು

ನಮ್ಮ ಮನೆಯಲ್ಲಿ ಅಳಬೇಕಾದ ಹೊತ್ತಿಗೆ ಸರಿಯಾಗಿ ನಗು ಬರುವಂಥದ್ದೇ ಏನಾದರೊಂದು ಆಗುತ್ತದೆ. ಇದು ಇವತ್ತು ನಿನ್ನೆಯ ಚಾಳಿ ಅಲ್ಲ. ಅಬ್ಬಾ ಹೋದ ಮೇಲೆ ಮಾತಾಡಿಸಲು ಬಂದವರು ಬಾಗಿಲಲ್ಲೇ ಅಳು ಶುರು ಮಾಡುತ್ತಿದ್ದರು. ಒಳಗೆ ಬಂದು ಚಾಪೆ ಮೇಲೆ ಕೂತು, ಕಣ್ಣೊರೆಸಿಕೊಂಡು, ಆ ಯೋಗದ ಕ್ಲಾಸಿನಲ್ಲಿ ಒಂದು ದಿನ ಏನಾಯಿತೆಂದರೆ ಅಂತ ಯಾರೋ ಒಬ್ಬರು ತೆಗೆಯುತ್ತಿದ್ದರು. ಎದ್ದು ಹೋಗುವಾಗ ಹೊಟ್ಟೆ ಹಿಡಿದುಕೊಂಡು ಹೋಗುತ್ತಿದ್ದರು. ಇವರ ಮನೆಯಲ್ಲಿ ಆಗಿದ್ದು ಸಾವೋ ನಿಕಾಹೋ ಅಂತ ಓಣಿಯವರು ಇಣುಕಿ ನೋಡುತ್ತಿದ್ದರು. ಬಂದವರು ಹೇಳಿದ್ದೆಲ್ಲ ಅರ್ಧ. ಉಳಿದರ್ಧ ನನ್ನ ಹತ್ತಿರ ಇದೆ, ಯಾಕೆಂದರೆ ಪ್ರತಿ ಸಲವೂ ಅಬ್ಬಾನ ಪಕ್ಕದಲ್ಲಿ ನಾನೇ ಇದ್ದೆ.

ನಮ್ಮ ಮನೆಮಾತು ದಖ್ನಿ. ನನಗೆ ಬರೆಯಲು ಬರುವುದು ಒಂಬತ್ತನೇ ಕ್ಲಾಸಿನವರೆಗಿನ ಕನ್ನಡ. ಹಾಗಾಗಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಆಡಿಸಿದ್ದೇನೆ. ಅಬ್ಬಾ ಇದ್ದಿದ್ದರೆ, ಒಂಬತ್ತನೇದು ಪಾಸಾದ್ಯೋ ಇಲ್ಲೋ ಅದನ್ನ ಮೊದಲು ಬರಿ ಲೇ, ಅನ್ನುತ್ತಿದ್ದರು. ಬರೆಯುವುದಿಲ್ಲ.

ಕಣ್ಣು ಮುಚ್ಚಿ ಎದೆ ತುಂಬ

ಅಬ್ಬಾ ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ತೊಗರಿ ಒಡೆದು ಹೊಟ್ಟು ಹಾರಿಸುವ ಮಷಿನ್ನಿನ ಬಾಯಿಯ ಹತ್ತಿರವೇ ಅವರ ಜಾಗ. ಎದುರಿಗೆ ನಿಂತವನ ಮುಖ ಕಾಣದಷ್ಟು ಧೂಳು. ಅಲ್ಲಿ ಹಳಬರು ಹೊಸಬನಿಗೆ ಮೊದಲು ಕಲಿಸುತ್ತಿದ್ದದ್ದು ಮಷಿನ್ ನಡೆಸುವುದನ್ನಲ್ಲ, ಉಸಿರಾಡುವುದನ್ನು. ಮೂಗಿಗೆ ದಸ್ತಿ ಕಟ್ಟಿಕೋ. ಗುಬ್ಬಿ ನೀರು ಕುಡಿದ ಹಾಗೆ ಚೂರು ಚೂರೇ ಗಾಳಿ ತಗೋ. ಎದೆ ತುಂಬ ಎಳೆದೆಯೋ, ಹೊಟ್ಟು ಒಳಗೆ ಮನೆ ಕಟ್ಟಿತು ಅಂತಲೇ ತಿಳಿ. ಈ ವಿದ್ಯೆಯಲ್ಲಿ ಅಬ್ಬಾ ಉಸ್ತಾದ್. ಅವರ ಎದೆ ಏರಿ ಇಳಿಯುವುದು ಹತ್ತಿರ ನಿಂತರೂ ಕಾಣುತ್ತಿರಲಿಲ್ಲ.

ಅಷ್ಟು ಜಿಪುಣತನ ಮಾಡಿ ಉಸಿರಾಡಿದರೂ ಹೊಟ್ಟು ಮನೆ ಕಟ್ಟಿಯೇ ಬಿಟ್ಟಿತು. ಓಣಿಯ ತಿರುವಿನಿಂದ ನಮ್ಮ ಬಾಗಿಲಿಗೆ ಬರುವುದರೊಳಗೆ ಅವರಿವರ ಕಟ್ಟೆ ಮೇಲೆ ಕೂತು ಏಳುವಂತಾಯಿತು. ದವಾಖಾನೆಯ ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಚೆನ್ನಾಗಿ ಬಳಸುವುದು ಕಲಿಯಿರಿ ಅಂದರು. ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟರು. ಪಂಪು ಬಿಡಬೇಡಿ, ಅದರ ಜೊತೆಗೆ ಪ್ರಾಣಾಯಾಮವನ್ನೂ ಮಾಡಿ ಅಂತ ಸೇರಿಸಿದರು.

ಅಬ್ಬಾ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಉಸಿರಾಡೂದು ಕಲಿಯಾಕ ಯಾರರೆ ಸಾಲಿಗೆ ಹೋಗ್ತಾರೇನು, ನೀ ಸಾಲಿಗೆ ಹೋಗಿ ಏನು ಕಡದು ಕಟ್ಟಿ ಹಾಕಿದಿ, ಅಂತ ನನ್ನ ಕಡೆಗೇ ತಿರುಗಿಸಿದರು.

ಒಪ್ಪಿಸಿದ್ದು ಆಪಾ. ನನ್ನ ಅಕ್ಕನನ್ನು ಕಮಲಾಪುರಕ್ಕೆ ಕೊಟ್ಟಿದ್ದೆವು. ಅವಳಿಗೆ ಆಗ ಮೊದಲ ಬಸಿರು. ಅಮ್ಮಿ ತೀರಿಕೊಂಡ ಮನೆ, ಬಾಣಂತನ ಮಾಡುವವರು ಯಾರು, ಹೆರಿಗೆ ಕಮಲಾಪುರದಲ್ಲೇ ಆಗಲಿ ಅಂತ ಬೀಗರು ನಿಶ್ಚಯ ಮಾಡಿದ್ದರು. ನಮ್ಮಲ್ಲಿ ಕೂಸು ಹುಟ್ಟಿ ಮೈ ತೊಳೆದೊಡನೆ ಹಿರಿಯರೊಬ್ಬರು ಅದರ ಬಲಗಿವಿಯಲ್ಲಿ ಆಜಾನ್ ಹೇಳಬೇಕು. ಲೋಕಕ್ಕೆ ಬಂದು ಅದು ಕೇಳುವ ಮೊದಲ ಮಾತು ಅದಾಗಬೇಕು. ಆಪಾನ ಕಿವಿಯಲ್ಲೂ ನನ್ನ ಕಿವಿಯಲ್ಲೂ ಹೇಳಿದವರು ಅಬ್ಬಾನೇ. ಆಪಾ ಫೋನಿನಲ್ಲಿ ಹೇಳಿದಳು:

"ನನ್ನ ಕೂಸಿನ ಕಿವ್ಯಾಗೂ ನೀವೇ ಹೇಳ್ಬೇಕು ಅಬ್ಬಾ. ನೀವು ಬರೂತನಾ ಯಾರ್ನೂ ಹತ್ರ ಬಿಡೂದಿಲ್ಲ."

ಅಬ್ಬಾ ಫೋನ್ ಇಟ್ಟರು. ಗೋಡೆಯ ಕಡೆ ತಿರುಗಿ ಕೂತು ಸಣ್ಣ ದನಿಯಲ್ಲಿ ಆಜಾನ್ ಶುರು ಮಾಡಿದರು. ಎರಡನೇ ಸಾಲಿಗೆ ಕೆಮ್ಮು ಬಂತು. ಮತ್ತೆ ಮೊದಲಿನಿಂದ. ಮತ್ತೆ ಕೆಮ್ಮು. ನಾನು ಒಲೆಯ ಮುಂದೆ ಏನೋ ಹುಡುಕುವವನ ಹಾಗೆ ಕೂತೇ ಇದ್ದೆ. ಮರುದಿನ ಮುಂಜಾನೆ ಅವರೇ ದಸ್ತಿ ಹೆಗಲಿಗೆ ಹಾಕಿಕೊಂಡು, ನಡಿ, ಎಲ್ಲಿ ಅದು ನಿನ್ನ ಯೋಗ, ಅಂದರು.

ಕ್ಲಾಸು ನಮ್ಮ ಮನೆಗೆ ಹತ್ತಿರದ ಒಂದು ಪಾರ್ಕಿನಲ್ಲಿ. ಕಲಿಸುತ್ತಿದ್ದವರು ಸರಕಾರಿ ಸಾಲಿಯಲ್ಲಿ ಮಕ್ಕಳಿಗೆ ಆಟ ಆಡಿಸಿ ರಿಟೈರಾದ ಅಕ್ಕೋರು. ಅವರು ಅಬ್ಬಾನ ಫೈಲು ನೋಡಿ, ಈ ಚಾಚಾಗೆ ಜೋರಾಗಿ ಉಸಿರು ಹೊಡೆಯುವ ಕಪಾಲಭಾತಿ ಬೇಡ, ಉಸಿರು ಕಟ್ಟಿ ಹಿಡಿಯುವುದೂ ಬೇಡ, ಬರೀ ಸಾವಕಾಶ ತಗೊಂಡು ಇನ್ನೂ ಸಾವಕಾಶ ಬಿಡುವುದು ಅಂತ ಮೊದಲೇ ಹೇಳಿದರು. ಮುಂದಿನ ಸಾಲಿನಲ್ಲಿ ಕೂಡಿಸಿ, ಕಣ್ಣು ಮುಚ್ಚಿಸಿ, ಎದೆ ತುಂಬ ತಗೊಳ್ರಿ ಅಂದರು.

ಅಬ್ಬಾ ಕಣ್ಣು ಮುಚ್ಚಿದರು. ಎದೆ ಅಲುಗಲಿಲ್ಲ. ಅಕ್ಕೋರು ಇನ್ನೊಮ್ಮೆ ಹೇಳಿದರು. ಅಬ್ಬಾ ಹೆಗಲ ಮೇಲಿನ ದಸ್ತಿ ತೆಗೆದು ಗಟ್ಟಿಯಾಗಿ ಮೂಗಿಗೆ ಕಟ್ಟಿಕೊಂಡರು. ಹಿಂದೆ ಕೂತವರೆಲ್ಲ ಒಂದೊಂದು ಕಣ್ಣು ತೆರೆದರು. ಅಕ್ಕೋರು ಹತ್ತಿರ ಬಂದು, ಯಾಕೆ ಚಾಚಾ, ಮುಂಜಾನೆಯ ಗಾಳಿ, ಸುತ್ತ ಗಿಡಮರ, ಬಿಚ್ಚಿ ತಗೊಳ್ರಿ ಅಂತ ಮೆತ್ತಗೆ ಹೇಳಿದರು. ಅಬ್ಬಾ ಒಂದು ಕಣ್ಣು ತೆರೆದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ದಸ್ತಿಯ ಒಳಗಿನಿಂದಲೇ ಕೇಳಿದರು:

"ಮಷಿನ್ ಬಂದ್ ಆಗ್ಯದೇನ್ರಿ ಅಕ್ಕೋರ?"

ಮೂರು ಗುಂಡಿನ ಆಟ

ದವಾಖಾನೆಯವರು ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಕೊಟ್ಟಿದ್ದರು. ಅದರಲ್ಲಿ ಮೂರು ಕೊಳವೆ, ಒಂದೊಂದು ಕೊಳವೆಯಲ್ಲಿ ಒಂದೊಂದು ಬಣ್ಣದ ಗುಂಡು. ನಳಿಗೆಗೆ ಬಾಯಿ ಹಚ್ಚಿ ಉಸಿರು ಒಳಗೆಳೆದರೆ ಗುಂಡು ಮೇಲೇಳಬೇಕು. ಮೂರೂ ಎದ್ದರೆ ಎದೆ ಗಟ್ಟಿ ಇದೆ ಅಂತ.

ನಮ್ಮ ಓಣಿಯ ಹುಡುಗರಿಗೆ ಇದು ಕ್ರಿಕೆಟ್ಟಿಗಿಂತ ದೊಡ್ಡ ಆಟವಾಯಿತು. ಸಂಜೆ ಅಬ್ಬಾ ಡಬ್ಬಿ ಹಿಡಿದು ಕಟ್ಟೆಗೆ ಬಂದರೆ ಎಲ್ಲರೂ ಬ್ಯಾಟು ಬಿಸಾಕಿ ಬಂದು ಸುತ್ತ ಕೂಡುತ್ತಿದ್ದರು. ನಾನು ಕಾಮೆಂಟರಿ. ಬಂದರು ನೋಡ್ರಿ ನಂದೂರಿನ ಹುಲಿ, ನಳಿಗೆ ಬಾಯಿಗೆ ಹೋಯಿತು, ಇಡೀ ಸ್ಟೇಡಿಯಂ ಎದ್ದು ನಿಂತಿದೆ, ಗುಂಡು ಮಾತ್ರ ಕೂತೇ ಇದೆ. ಒಂದು ದಿನವೂ ಗುಂಡು ಮಿಸುಕಲಿಲ್ಲ. ಡಬ್ಬಿಯೇ ಕೆಟ್ಟಿದೆ ಅಂತ ಹುಡುಗರು ತೀರ್ಮಾನ ಮಾಡಿದರು.

ನಾನು ಬಗ್ಗಿ ನೋಡಿದೆ. ಅಬ್ಬಾ ಎಳೆಯುತ್ತಿರಲಿಲ್ಲ. ಊದುತ್ತಿದ್ದರು. ಒಳಗೆ ಎಳೀಬೇಕು ಅಬ್ಬಾ ಅಂದರೆ, ತಲೆ ಕೆಟ್ಟದೇನು ನಿಂದು, ಬಂದ ಧೂಳು ಹೊರಗೆ ಊದಿ ಊದಿಯೇ ಇಷ್ಟು ವರ್ಷ ಬದುಕಿದ್ದೀನಿ, ಅಂತ ನನ್ನನ್ನೇ ಗದರಿಸಿದರು.

ಪಕ್ಕದ ಮನೆಯ ಮುದುಕಿ ತನ್ನ ಕಟ್ಟೆ ಮೇಲೆ ಕೂತು ದಿನಾ ಇದನ್ನು ನೋಡುತ್ತಿದ್ದಳು. ಹಲ್ಲಿಲ್ಲ, ಬೆನ್ನು ಬಾಗಿದೆ, ಬೀಡಿ ಮಾತ್ರ ಬಾಯಿಂದ ಇಳಿಯುವುದಿಲ್ಲ. ಅವತ್ತು ಅವಳಿಗೆ ತಡೆಯದೆ ಎದ್ದು ಬಂದು, ಕೊಡು ಇಲ್ಲಿ, ಅಂತ ಡಬ್ಬಿ ಕಸಿದುಕೊಂಡಳು. ನಳಿಗೆ ಒರೆಸಿ, ಗಲ್ಲ ಒಳಗೆ ಹೋಗುವ ಹಾಗೆ ಒಂದೇ ಒಂದು ಸಲ ಎಳೆದಳು. ಮೂರೂ ಗುಂಡು ಟಕ್ ಅಂತ ಮೇಲೆ ಹೋಗಿ ಸೂರಿಗೆ ಹತ್ತಿ ನಿಂತವು. ಹುಡುಗರು ಅವಳನ್ನು ಹೊತ್ತು ಮೆರೆಸುವುದೊಂದು ಬಾಕಿ. ಬೀಡಿ ಎಳೆದಂಗ ಎಳೀಬೇಕು ಸಾಬ್ರ, ಇದರಾಗೇನದ, ಅಂತ ಡಬ್ಬಿ ವಾಪಸ್ ಕೊಟ್ಟು ಹೋದಳು.

ಅಬ್ಬಾ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವರಲ್ಲ. ಸೇದುವವರ ಪಕ್ಕ ಚಹಾಕ್ಕೂ ಕೂಡುತ್ತಿರಲಿಲ್ಲ. ಡಬ್ಬಿಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕಡೆ ಮುಖ ಮಾಡಿ ಕೇಳಿದರು:

"ಮಿಲ್ಲಿಗೆ ಹೋಗೂ ಬದಲಿ ಬೀಡಿ ಸೇದ್ಕೊಂಡು ಮನ್ಯಾಗ ಕುಂತಿದ್ರ ಪಾಸಾಗ್ತಿದ್ನೇನೋ ಲೇ?"

ಹುಡುಗರು ಬಿದ್ದು ಬಿದ್ದು ನಕ್ಕರು. ನನ್ನ ಕಾಮೆಂಟರಿ ಅವತ್ತಿಗೆ ನಿಂತಿತು.

ಬೆಲ್ಲ

ದಾಲ್ ಮಿಲ್ಲುಗಳಲ್ಲಿ ಒಂದು ರೂಢಿ ಇದೆ. ಪಾಳಿ ಮುಗಿದ ಮೇಲೆ ಕೆಲಸಗಾರರ ಕೈಗೆ ಒಂದೊಂದು ತುಂಡು ಬೆಲ್ಲ ಕೊಡುತ್ತಾರೆ. ಗಂಟಲಿನ ಧೂಳು ಬೆಲ್ಲದ ಸಂಗಡ ಹೊಟ್ಟೆಗಿಳಿದು ಹೋಗುತ್ತದೆ ಅಂತ ನಂಬಿಕೆ. ಇಳಿಯುತ್ತದೋ ಇಲ್ಲವೋ, ಬೆಲ್ಲ ಸಿಹಿ ಇರುವುದರಿಂದ ಯಾರೂ ತಕರಾರು ಮಾಡಿಲ್ಲ. ಅಬ್ಬಾನಿಗೂ ಈ ನಂಬಿಕೆ ಕಲ್ಲಿನ ಹಾಗೆ ಗಟ್ಟಿ. ಅಕ್ಕೋರು ತಮಗೆ ತಿಳಿದದ್ದು ಕೊಡುತ್ತಿದ್ದಾರೆ, ನಾವೂ ನಮಗೆ ತಿಳಿದದ್ದು ಕೊಡಬೇಕು ಅಂತ ಅವರು ದಸ್ತಿಯಲ್ಲಿ ಬೆಲ್ಲ ಕಟ್ಟಿಕೊಂಡು ಬಂದು, ಅಕ್ಕೋರು ಆ ಕಡೆ ತಿರುಗಿದಾಗ ಅಕ್ಕಪಕ್ಕದವರ ಕೈಗೆ ಜಾರಿಸುತ್ತಿದ್ದರು.

ಅಬ್ಬಾನ ಬಲಕ್ಕೆ ಕೂಡುತ್ತಿದ್ದವರು ನೆಹರು ಗಂಜ್ ಅನ್ನುವ ದವಸದ ಪೇಟೆಯ ಒಬ್ಬ ತೊಗರಿ ಸಾಹುಕಾರರು. ನಾನು ಗಂಜಿನಲ್ಲಿ ಚೀಲದ ಬಾಯಿ ಹೊಲಿಯುವವನು, ಹಾಗಾಗಿ ಅವರ ಗುರುತು ಮೊದಲಿನಿಂದ ಇತ್ತು. ಅವರಿಗೆ ಉಬ್ಬಸ, ಮೇಲೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸೊಸೆ ಚಹಾಕ್ಕೂ ಸಕ್ಕರೆ ಹಾಕುವುದಿಲ್ಲ. ಅಬ್ಬಾನ ಬೆಲ್ಲ ಶುರುವಾದ ಮೇಲೆ ಅವರು ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ. ನೋಡ್ರಿ ಸಾಹುಕಾರರ ಶ್ರದ್ಧೆ, ಅಂತ ಅಕ್ಕೋರು ನಮಗೆಲ್ಲ ಬುದ್ಧಿ ಹೇಳುತ್ತಿದ್ದರು.

ಒಂದು ಮುಂಜಾನೆ ಸೊಸೆಯೇ ಪಾರ್ಕಿಗೆ ಬಂದಳು. ಮಾವನವರ ಉಸಿರಾಟ ಸುಧಾರಿಸಿದೆ, ಆದರೆ ನಿಮ್ಮ ಯೋಗಕ್ಕೆ ಬಂದಾಗಿನಿಂದ ಸಕ್ಕರೆ ಏರುತ್ತಲೇ ಇದೆ, ಇದ್ಯಾವ ಆಸನದ ಪರಿಣಾಮ ಹೇಳ್ರಿ ಅಂತ ಅಕ್ಕೋರನ್ನು ಕೇಳಿದಳು. ಅಕ್ಕೋರಿಗೆ ತಲೆಬುಡ ತಿಳಿಯಲಿಲ್ಲ. ಅವತ್ತು ಭ್ರಾಮರಿ ಮಾಡಿಸುವಾಗ ಅವರು ಕಣ್ಣು ಮುಚ್ಚಲಿಲ್ಲ. ಎಲ್ಲರೂ ಕಿವಿಗೆ ಹೆಬ್ಬೆರಳು ಇಟ್ಟು, ತುಟಿ ಮುಚ್ಚಿ ದುಂಬಿಯ ಹಾಗೆ ಗುಂಯ್ ಅನ್ನುತ್ತಿದ್ದರೆ ಸಾಹುಕಾರರ ದವಡೆ ಮಾತ್ರ ಎತ್ತು ಮೆಲುಕು ಹಾಕಿದಂತೆ ಆಡುತ್ತಿತ್ತು.

ಸೊಸೆಯ ಎದುರೇ ಪಂಚನಾಮೆ ಆಯಿತು. ಅಬ್ಬಾನ ದಸ್ತಿಯೂ ಜಪ್ತಾಯಿತು. ಅಬ್ಬಾ ನಾಚಿಕೊಂಡು, ತಪ್ಪು ನಂದೇ ಸಾಹುಕಾರ, ನಿಮ್ಮ ಬ್ಯಾನಿ ನನಗ ಗೊತ್ತಿರಲಿಲ್ಲ, ಅಂದರು. ಸಾಹುಕಾರರು ಹಲ್ಲಿಗೆ ಅಂಟಿದ ಬೆಲ್ಲ ನಾಲಗೆಯಿಂದ ಬಿಡಿಸಿಕೊಳ್ಳುತ್ತ ಅಬ್ಬಾನ ಹೆಗಲ ಮೇಲೆ ಕೈ ಹಾಕಿದರು.

"ಇರ್ಲಿ ಬಿಡೋ ಸಾಬ. ನಾ ಕಳಿಸಿದ ತೊಗರಿ ಧೂಳು ನಿನ್ನ ಎದ್ಯಾಗ ಅದ, ನೀ ಕೊಟ್ಟ ಬೆಲ್ಲ ನನ್ನ ರಕ್ತದಾಗ ಅದ. ಇಬ್ರೂ ಸಮಾಸಮ."

ಅಬ್ಬಾ ಇದಕ್ಕೆ ಎಷ್ಟು ನಕ್ಕರೆಂದರೆ ಮನೆಗೆ ಬಂದ ಮೇಲೂ ನೆನೆಸಿಕೊಂಡು ನಗುತ್ತಿದ್ದರು. ಸಮಾಸಮ ಹೇಗಾಯಿತು ಅಂತ ನಾನು ಇನ್ನೂ ಯೋಚನೆ ಮಾಡುತ್ತಿದ್ದೇನೆ.

ನಗುವ ಪಾಠ

ಕ್ಲಾಸಿನ ಕೊನೆಗೆ ಎಲ್ಲರೂ ಎದ್ದು ನಿಂತು ಕೈ ಮೇಲೆತ್ತಿ ಹ್ಹಾ ಹ್ಹಾ ಹ್ಹಾ ಅಂತ ನಗಬೇಕು. ನಗು ಬರದಿದ್ದರೂ ನಗಬೇಕು, ಎದೆ ತೆರೆಯುತ್ತದೆ. ಅಬ್ಬಾ ಮಾತ್ರ ಕೈ ಎತ್ತಿ ಸುಮ್ಮನೆ ನಿಲ್ಲುತ್ತಿದ್ದರು. ನಗುವಂಥದ್ದು ಏನೂ ಆಗದೆ ಹೇಗೆ ನಗಲಿ ಅಂತ ಅವರ ವಾದ. ಅದಕ್ಕೆ ನಾನು ಅವರ ಎದುರು ನಿಂತು, ಸಾಹುಕಾರರು ಸೊಸೆಗೆ ಸಿಕ್ಕಿಬಿದ್ದಾಗ ಹೇಗೆ ಮುಖ ಮಾಡಿದ್ದರೋ ಹಾಗೆ ಮಾಡಿ ತೋರಿಸಿದೆ.

ಅಬ್ಬಾ ನಕ್ಕರು. ಅದು ಪಾಠದ ನಗು ಅಲ್ಲ, ಹೊಟ್ಟೆಯ ತಳದಿಂದ ಬಂದ ನಗು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ತುಟಿ ನೇರಳೆ ಹಣ್ಣಿನ ಹಾಗೆ ಆಯಿತು. ಪಂಪು ಹೊಡೆದೆವು. ಅಕ್ಕೋರು ಓಡಿ ಬಂದು ಅವರನ್ನು ಕಲ್ಲುಬೆಂಚಿನ ಮೇಲೆ ಮುಂದಕ್ಕೆ ಬಾಗಿಸಿ ಕೂಡಿಸಿ, ಮೊಣಕೈ ಮೊಣಕಾಲಿಗೆ ಊರಿಸಿ, ಬಿಸಿ ಚಹಾ ಊದಿದ ಹಾಗೆ ತುಟಿ ಸಣ್ಣ ಮಾಡಿ ಬಿಡ್ರಿ ಚಾಚಾ, ಸಾವಕಾಶ, ಇನ್ನೂ ಸಾವಕಾಶ ಅಂತ ಬೆನ್ನು ಸವರುತ್ತ ಕೂತರು. ತುಟಿಗೆ ಬಣ್ಣ ತಿರುಗಿ ಬರುವಷ್ಟರಲ್ಲಿ ಬಿಸಿಲೇರಿತ್ತು.

ಆಮೇಲೆ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದರು. ಬ್ಯಾರೇವ್ರಿಗೆ ನಗು ಔಷಧ, ನಿಮ್ಮಪ್ಪಗ ಸದ್ಯಕ್ಕ ಅಲ್ಲಪ, ಅಂದರು. ನಾಳೆಯಿಂದ ನೀ ಆ ಬೇವಿನ ಮರದ ಹಿಂದೆ ಕೂಡು, ನಿನ್ನ ಮುಖ ಅವರಿಗೆ ಕಾಣಬಾರದು ಅಂದರು. ಸಾಲಿಯಲ್ಲಿ ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸಿದವರು ಬಹಳ ಜನ. ಪಾರ್ಕಿನಿಂದಲೂ ಹೊರಗೆ ಹಾಕಿಸಿಕೊಂಡವನು ನಾನೊಬ್ಬನೇ ಇರಬೇಕು.

ಮನೆಯಲ್ಲೂ ನಾನು ಬಾಯಿ ಹೊಲಿದುಕೊಂಡೆ. ಬೀಗರ ನಡಿಗೆ ಮಾಡಿ ತೋರಿಸುವುದು ಬಿಟ್ಟೆ. ಗಂಜಿನ ಸುದ್ದಿ ಹೇಳುವುದು ಬಿಟ್ಟೆ. ಅನ್ನ ಬಡಿಸಿದೆ, ತಟ್ಟೆ ತೊಳೆದೆ, ಮೂಲೆಯಲ್ಲಿ ಕೂತೆ. ಒಂದು ದಿನ ಊಟದ ನಡುವೆ ಅಬ್ಬಾ ಕೈ ನಿಲ್ಲಿಸಿ ಕೇಳಿದರು:

"ಯಾರರೆ ಸತ್ತಾರೇನು ಲೇ ಮನ್ಯಾಗ?"

ಅಕ್ಕೋರು ಹೇಳಿದ್ದನ್ನು ಹೇಳಿದೆ. ಅಬ್ಬಾ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, ಕೂಸಿನ ಕಿವಿಗೆ ಎಷ್ಟು ಬೇಕೋ ಅಷ್ಟು ಉಸಿರು ತೆಗೆದಿಟ್ಟು ಉಳಿದದ್ದನ್ನ ನಾ ನಗಾಕೇ ಖರ್ಚು ಮಾಡಾವ, ನಿಮ್ಮ ಅಕ್ಕೋರಿಗೆ ಹೇಳು, ಅಂದರು. ತಾವೇ ಎದ್ದು ಪಂಪು ತಂದು ಪಕ್ಕದಲ್ಲಿಟ್ಟುಕೊಂಡರು. ಚೊಂಬಿನಲ್ಲಿ ನೀರು ಇಟ್ಟುಕೊಂಡರು. ದಿಂಬು ತಂದು ಮಡಿಲ ಮೇಲೆ ಇಟ್ಟು ಅದರ ಮೇಲೆ ಮೊಣಕೈ ಊರಿದರು. ಆಪರೇಷನ್ನಿಗೆ ತಯಾರಾದವರ ಹಾಗೆ ಕೂತು, ಹೂಂ, ಈಗ ಒಂದು ಹೇಳು, ಅಂದರು.

ನನ್ನ ಬಾಯಿ ಒಣಗಿ ಹೋಯಿತು. ಜನ್ಮದಲ್ಲಿ ಹಾಗಾಗಿರಲಿಲ್ಲ. ಅವತ್ತು ನನಗೆ ಒಂದೇ ಒಂದು ಜೋಕೂ ನೆನಪಾಗಲಿಲ್ಲ. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಕೂತ ನನ್ನನ್ನು ನೋಡಿಯೇ ಅಬ್ಬಾನಿಗೆ ನಗು ಬಂದುಬಿಟ್ಟಿತು.

ಬಸ್ಸಿನ ಸಪ್ಪಳ

ಚಳಿ ಬಂತು. ಹೊಸ ತೊಗರಿ ಗಂಜಿಗೆ ಇಳಿಯತೊಡಗಿತು. ಅಬ್ಬಾ ಗೋಡೆಯ ಮುಂದೆ ಆಜಾನಿನ ಅರ್ಧದವರೆಗೆ ಹೋಗುತ್ತಿದ್ದರು. ಒಂದೇ ಉಸಿರಿಗೆ ಹೇಳಬೇಕು ಅಂತ ಎಲ್ಲೂ ಇಲ್ಲವಲ್ಲ ಚಾಚಾ, ಒಂದು ಸಾಲು ಹೇಳ್ರಿ, ಕೂಡ್ರಿ, ದಣಿವಾರಿಸಿಕೊಂಡು ಇನ್ನೊಂದು ಹೇಳ್ರಿ ಅಂತ ಅಕ್ಕೋರು ಹೇಳಿಕೊಟ್ಟಿದ್ದರು. ಬೀಗರಿಗೆ ಕಮಲಾಪುರದಲ್ಲಿ ಕೆಂಪು ಬಾಳೆಯ ವ್ಯಾಪಾರ. ಬೀದಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯವರು ಚೀಲ ಹಿಡಿದು ಬರಬೇಕು, ಅಂಥ ಗಂಟಲು. ಅವರು ಫೋನಿನಲ್ಲಿ ಪ್ರೀತಿಯಿಂದಲೇ, ನಿಮಗ ಆಗದಿದ್ರ ತ್ರಾಸ ತಗೋಬ್ಯಾಡ್ರಿ, ನಾ ಇದೀನಿ, ಅನ್ನುತ್ತಿದ್ದರು. ಆ ಪ್ರೀತಿ ಕೇಳಿದ ದಿನ ಅಬ್ಬಾ ಗೋಡೆಯ ಮುಂದೆ ಇನ್ನೂ ಹೆಚ್ಚು ಹೊತ್ತು ಕೂಡುತ್ತಿದ್ದರು.

ಒಂದು ಮುಂಜಾನೆ ಕಮಲಾಪುರದ ದವಾಖಾನೆಯಿಂದ ಫೋನು ಬಂತು. ಹೆಣ್ಣು ಕೂಸು. ಸುಖವಾಗಿದೆ. ಆಪಾ ಕೂಸನ್ನು ಯಾರ ಕೈಗೂ ಕೊಡದೆ ಕೂತಿದ್ದಾಳೆ, ಬೇಗ ಬರ್ರಿ ಅಂದರು. ನಾವು ಸಿಕ್ಕ ಬಸ್ಸು ಹತ್ತಿದೆವು.

ಶಹರ ದಾಟುವುದರೊಳಗೆ ಅಬ್ಬಾನ ಎದೆ ಹಾರತೊಡಗಿತು. ಸಂತೋಷಕ್ಕೋ ಚಳಿಗೋ ಗೊತ್ತಾಗಲಿಲ್ಲ. ಅವರು ಕಿವಿಗೆ ಹೆಬ್ಬೆರಳು ಇಟ್ಟು, ಕಣ್ಣ ಮೇಲೆ ಬೆರಳು ಮುಚ್ಚಿ, ಭ್ರಾಮರಿ ಹಿಡಿದರು. ಗುಂಯ್ ಅಂತ. ನಿಲ್ಲುತ್ತಿತ್ತು, ಮತ್ತೆ ಗುಂಯ್. ಚಳಿಗೆ ಕಿಟಕಿ ಎಲ್ಲ ಮುಚ್ಚಿದ್ದರಿಂದ ಆ ಸಪ್ಪಳ ಬಸ್ಸಿನ ತುಂಬ ತಿರುಗುತ್ತಿತ್ತು.

ಡ್ರೈವರ್ ಕಿವಿ ನಿಮಿರಿಸಿದ. ಗೇರು ಬದಲಿಸಿ ನೋಡಿದ. ವೇಗ ಇಳಿಸಿ ನೋಡಿದ. ಚಕ್ರದಾಗ ಏನೋ ಆಗ್ಯದ ನೋಡಪ, ಅಂತ ಕಂಡಕ್ಟರನಿಗೆ ಹೇಳಿದ. ಕಂಡಕ್ಟರ್ ಮೊಣಕಾಲೂರಿ ಬಸ್ಸಿನ ನೆಲಕ್ಕೆ ಕಿವಿ ಹಚ್ಚಿದ. ಹಿಂದಿನ ಸೀಟಿನವರು ತಮ್ಮ ತಮ್ಮ ಅಭಿಪ್ರಾಯ ಕೊಟ್ಟರು. ಕೊನೆಗೆ ಬಸ್ಸು ರಸ್ತೆ ಪಕ್ಕಕ್ಕೆ ನಿಂತಿತು. ಡ್ರೈವರ್ ಎಂಜಿನ್ ಬಂದ್ ಮಾಡಿದ.

ಗುಂಯ್.

ಇಡೀ ಬಸ್ಸು ಉಸಿರು ಹಿಡಿದು ಕೇಳಿತು. ಎಂಜಿನ್ ಬಂದಾದ ಮೇಲೂ ಸಪ್ಪಳ ಮಾಡುವ ಬಸ್ಸನ್ನು ಡ್ರೈವರ್ ತನ್ನ ಸರ್ವಿಸಿನಲ್ಲೇ ನೋಡಿರಲಿಕ್ಕಿಲ್ಲ. ಕಂಡಕ್ಟರ್ ಒಂದೊಂದೇ ಸೀಟು ದಾಟಿ ಸಪ್ಪಳದ ಹಿಂದೆ ಬಂದು ನಮ್ಮ ಮುಂದೆ ನಿಂತ. ನಾನು ಮೊದಲೇ ಹೇಳಬಹುದಿತ್ತು. ಆದರೆ ಅಬ್ಬಾನ ಮುಖ ಅಷ್ಟು ತಣ್ಣಗಿದ್ದದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಒಂದು ಬಸ್ಸು ನಿಂತರೆ ನಿಲ್ಲಲಿ ಅನ್ನಿಸಿತ್ತು.

ಏನಾಗ್ಯದ ಇವ್ರಿಗೆ, ಅಂತ ಕಂಡಕ್ಟರ್ ಕೈಸನ್ನೆಯಲ್ಲೇ ಕೇಳಿದ. ಮೊಮ್ಮಗಳ ಕಿವ್ಯಾಗ ಆಜಾನ್ ಹೇಳಾಕ ಹೊಂಟಾರ, ಉಸಿರು ಕೂಡಿಸ್ಕೊಳ್ಳಾಕತ್ತಾರ, ಅಂದೆ. ಅವನು ನನ್ನನ್ನು ನೋಡಿದ, ಅಬ್ಬಾನನ್ನು ನೋಡಿದ, ತಮಾಷೆ ಅಲ್ಲ ಅಂತ ಗೊತ್ತಾಗಿ ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಹೇಳಿದ. ಯಾರೂ ಬೈಯಲಿಲ್ಲ. ಬಸ್ಸು ಹೊರಟ ಕುಲುಕಿಗೆ ಅಬ್ಬಾ ಬೆರಳು ತೆಗೆದು ಕಣ್ಣು ಬಿಟ್ಟರು. ಎಲ್ಲರೂ ತಮ್ಮ ಕಡೆಗೇ ನೋಡುತ್ತಿದ್ದದ್ದು ಕಂಡು ಗಾಬರಿಯಾಗಿ ನನ್ನ ಕಡೆ ಬಾಗಿದರು.

"ಬಸ್ ಯಾಕ ನಿಂತಿತ್ತು ಲೇ? ನನಗ ಮೊದಲೇ ಅನುಮಾನ ಬಂದಿತ್ತು. ಹೊಂಟಾಗಿಂದ ಒಂದ್ ನಮೂನಿ ಸಪ್ಪಳ ಬರಾಕತ್ತಿತ್ತು."

ಬಲಗಿವಿ, ಎಡಗಿವಿ

ಇದು ಕಡೆಯದು. ಆ ಕೂಸು ಒಬ್ಬಳೇ ಕೂಡುವುದನ್ನು ಕಲಿಯುವುದರೊಳಗೆ ಅಬ್ಬಾ ಹೋದರು. ಕೂಸು ಹುಟ್ಟಿದ ದಿನ ದವಾಖಾನೆಯ ವಾರ್ಡಿನಲ್ಲಿ ನಡೆದದ್ದನ್ನು ಆಪಾ ಹೇಳಲು ಹೋದರೆ ಅರ್ಧಕ್ಕೇ ಸೆರಗು ಬಾಯಿಗೆ ಹೋಗುತ್ತದೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನೋಡಿದವರಿಗೆ ತಿಳಿಯುವುದಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ನಾವು ಹೋದಾಗ ವಾರ್ಡಿನ ತುಂಬ ಬೀಗರ ಕಡೆಯವರು. ಬೀಗರ ತಾಯಿ, ಬಹಳ ವಯಸ್ಸಾದ ಮುದುಕಿ, ಕಣ್ಣು ಕಿವಿ ಎರಡೂ ಮಂದ, ಮಡಿಲಲ್ಲಿ ಖಜೂರದ ಪೊಟ್ಟಣ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಆಜಾನ್ ಮುಗಿದೊಡನೆ ಹಂಚುವ ಕೆಲಸ ಅವಳದು. ಆಪಾ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅಬ್ಬಾನ ಕೈಗಿಟ್ಟಳು. ಅಬ್ಬಾ ಮಂಚದ ಅಂಚಿಗೆ ಕೂತು, ಅದರ ಬಲಗಿವಿಗೆ ಬಾಯಿ ತಂದು, ಅಲ್ಲಾಹು ಅಕ್ಬರ್ ಅಂದರು. ದನಿ ಎಳೆ ದಾರದ ಹಾಗಿತ್ತು. ಕಡಿಯಲಿಲ್ಲ. ಒಂದು ಸಾಲಾಯಿತು. ಅಬ್ಬಾ ತಲೆ ಎತ್ತಿ, ಕಣ್ಣು ಮುಚ್ಚಿ, ಅಕ್ಕೋರು ಹೇಳಿದ ಹಾಗೆ ದಣಿವಾರಿಸಿಕೊಳ್ಳತೊಡಗಿದರು.

ಮುದುಕಿಗೆ ತುಟಿ ನಿಂತದ್ದಷ್ಟೇ ಕಂಡಿತು. ಮುಗಿಯಿತು ಅಂತ ತಿಳಿದು ಮುಬಾರಕ್ ಅಂದು ಖಜೂರ ಹಂಚಿಯೇ ಬಿಟ್ಟಳು. ಕೈಗೆ ಬಂದದ್ದು ಎಲ್ಲರ ಬಾಯಿಗೆ ಹೋಯಿತು. ಅಷ್ಟರಲ್ಲಿ ಅಬ್ಬಾ ಎರಡನೇ ಸಾಲು ಹಿಡಿದರು.

ಆಜಾನ್ ನಡೆಯುವಾಗ ಅಗಿಯುವುದು ಹೇಗೆ? ಎಲ್ಲರೂ ನಿಲ್ಲಿಸಿದರು. ಒಬ್ಬೊಬ್ಬರ ಗಲ್ಲವೂ ಒಂದು ಕಡೆ ಉಬ್ಬಿತ್ತು. ಸಾಲು ಮುಗಿಯಿತು, ಅಬ್ಬಾ ನಿಂತರು, ಇವರು ಅಗಿಯತೊಡಗಿದರು. ಮೂರನೇ ಸಾಲು ಬಂತು, ದವಡೆಗಳು ನಿಂತವು. ಸೂಜಿ ಹಿಡಿದು ಬಂದಿದ್ದ ನರ್ಸಮ್ಮನನ್ನೂ ಮುದುಕಿ ಬಿಟ್ಟಿರಲಿಲ್ಲ. ಅವರೂ ಒಂದು ಕೈಯಲ್ಲಿ ಸೂಜಿ, ಗಲ್ಲದಲ್ಲಿ ಖಜೂರ ಇಟ್ಟುಕೊಂಡು ಕಂಬದ ಹಾಗೆ ನಿಂತಿದ್ದರು.

ನಡುವೆ ಒಂದು ಸಲ ಅಬ್ಬಾ ನಿಂತದ್ದು ಬಹಳ ಹೊತ್ತಾಯಿತು. ತುಟಿಯ ಬಣ್ಣ ತಿರುಗಿತು. ನಾನು ಜೇಬಿನ ಪಂಪು ಹಿಡಿದೆ. ಬೀಗರು ಕೈ ಚಾಚಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಆಗ ಆಪಾ ಮಲಗಿದಲ್ಲಿಂದಲೇ ಮಾವನಿಗೆ ಕೈ ಅಡ್ಡ ಹಿಡಿದಳು. ಆ ಮನೆಯಲ್ಲಿ ಸೊಸೆಯಂದಿರು ಮಾವನ ಎದುರು ತಲೆ ಎತ್ತಿದ್ದೂ ಇಲ್ಲ. ಬೀಗರು ಆ ಕೈಯನ್ನು ನೋಡಿದರು, ಖಜೂರ ನುಂಗಿದರು, ಹಿಂದೆ ಸರಿದರು. ಅಬ್ಬಾ ತುಟಿ ಸಣ್ಣ ಮಾಡಿ ಉಸಿರು ಬಿಟ್ಟರು. ಒಳಗೆ ತಗೊಂಡರು. ಮುಂದಿನ ಸಾಲು ಹೇಳಿದರು. ಹೀಗೇ ಕೂತು ಕೂತು, ಏರಿ ಏರಿ, ಕಡೆಯ ಸಾಲನ್ನೂ ಆ ಪುಟ್ಟ ಕಿವಿಗೆ ಮುಟ್ಟಿಸಿದರು.

ಯಾರೂ ಮುಬಾರಕ್ ಅನ್ನಲಿಲ್ಲ. ಇನ್ನೊಂದು ಸಾಲು ಇದ್ದರೆ ಅಂತ ಎಲ್ಲರಿಗೂ ಹೆದರಿಕೆ. ಮುದುಕಿ ಕೂಡ ಪೊಟ್ಟಣ ಗಟ್ಟಿ ಹಿಡಿದು ಕೂತಿದ್ದಳು. ಬೀಗರು ಕಡೆಗೆ ಆ ದೊಡ್ಡ ಗಂಟಲನ್ನು ಎಷ್ಟು ಸಣ್ಣ ಮಾಡಲು ಬರುತ್ತದೋ ಅಷ್ಟು ಸಣ್ಣ ಮಾಡಿ ಹೇಳಿದರು:

"ಎಡಗಿವಿ ಬಾಕಿ ಅದ."

ಬಲಗಿವಿಗೆ ಆಜಾನ್ ಆದ ಮೇಲೆ ಎಡಗಿವಿಗೆ ಇಕಾಮತ್, ಅಂದರೆ ನಮಾಜು ಶುರುವಾಗುವ ಮುಂಚಿನ ಕರೆ, ಹೇಳಬೇಕು. ನಮಗೆ ಯಾರಿಗೂ ಆ ಕಿವಿ ನೆನಪೇ ಇರಲಿಲ್ಲ. ಅಬ್ಬಾ ಇಷ್ಟು ತಿಂಗಳು ಕೂಡಿಸಿಟ್ಟ ಉಸಿರೆಲ್ಲ ಒಂದೇ ಕಿವಿಗೆ ಖರ್ಚು ಮಾಡಿ ಕೂತಿದ್ದರು. ಅವರು ಕೂಸನ್ನು ಎತ್ತಿದರು. ಬೀಗರು ಕೈ ಚಾಚಿದರು. ಅಬ್ಬಾ ಕೂಸನ್ನು ನನ್ನ ಕೈಯಲ್ಲಿಟ್ಟರು.

"ಇವಗ?" ಅಂತ ಕೇಳಿದವಳು ಆಪಾನೇ. ತಪ್ಪಿಲ್ಲ. ನನ್ನ ಬಾಯಿಂದ ಹೊರಟ ಯಾವ ಮಾತನ್ನೂ ಆ ಮನೆತನದಲ್ಲಿ ಯಾರೂ ಖರೇ ಅಂತ ನಂಬಿದ್ದಿಲ್ಲ. ಅಬ್ಬಾನಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ನನ್ನ ಬೆನ್ನ ಮೇಲೆ ಕೈ ಇಟ್ಟರು, ಅಷ್ಟೇ.

ನನ್ನ ಎದೆಗೆ ಏನಾಗಿದೆ? ಚೀಲ ಹೊಲಿಯುತ್ತ ಗಂಜಿನ ತುಂಬ ಓಡುವವನು ನಾನು. ಕೂಸಿನ ಎಡಗಿವಿಗೆ ಬಾಯಿ ತಂದು ಶುರು ಮಾಡಿದೆ. ಎರಡನೇ ಸಾಲಿಗೆ ನಿಂತೆ. ಉಸಿರಿತ್ತು, ದನಿ ಬರಲಿಲ್ಲ. ಬೆನ್ನ ಮೇಲಿನ ಆ ಕೈ ಹಗುರ ಆಗಿದ್ದದ್ದು ಅವತ್ತೇ ಮೊದಲ ಸಲ ನನಗೆ ತಿಳಿದದ್ದು. ಕಣ್ಣಲ್ಲಿ ನೀರು ತುಂಬಿ, ಬಾಯಿ ತೆರೆದುಕೊಂಡು ಕೂತುಬಿಟ್ಟೆ.

ಮುದುಕಿ ಪಕ್ಕದವಳ ಕಡೆ ಬಾಗಿದಳು. ಕಿವುಡರು ಪಿಸುಗುಟ್ಟಿದರೆ ಹೊರಗಿನ ಗೇಟಿಗೂ ಕೇಳುತ್ತದೆ.

"ಅಯ್ಯ, ಈ ಹುಡುಗಗೂ ಅದೇ ಬ್ಯಾನಿ ಕಾಣ್ತದವ್ವ. ಎಲ್ಲರೂ ಇನ್ನೊಂದೊಂದು ಖಜೂರ ತಗೋರಿ."